ಪಂಡಿತ ಭೀಮಸೇನ ಜೋಶಿಯವರ ಊರುಗಳು: ಸೊಲ್ಲಾಪುರದಿಂದ ಹೋಗುವವರಿಗೆ



ನಮ್ಮ ಮಕ್ಕಳಲ್ಲಿ ಅನೇಕರು ಭೀಮಸೇನ ಜೋಶಿ ಎಂದರೆ ಪುಣೆಯ ಗಾಯಕರು, ಅಭಂಗ ಹಾಡಿದವರು ಎಂದಷ್ಟೇ ತಿಳಿದಿದ್ದಾರೆ. ಅದು ಸುಳ್ಳಲ್ಲ. ಬಾಳಿನ ಬಹುಭಾಗ ಅವರು ಪುಣೆಯಲ್ಲೇ ಇದ್ದರು, 24 ಜನವರಿ 2011ರಂದು ತೀರಿಕೊಂಡದ್ದೂ ಅಲ್ಲೇ. ಆದರೆ ಅವರು ಈಗಿನ ಗದಗ ಜಿಲ್ಲೆಯವರು, ಮನೆಮಾತು ಕನ್ನಡ. ಅಭಂಗದಷ್ಟೇ ಪ್ರೀತಿಯಿಂದ ದಾಸರ ಪದಗಳನ್ನೂ ಹಾಡಿದರು. ಅವರು ಬೆಳೆದ ಊರುಗಳಿಗೆ ನಮ್ಮ ಸೊಲ್ಲಾಪುರದಿಂದಲೇ ರೈಲಿದೆ.

ಹೋಟಗಿ, ವಿಜಯಪುರ, ಬಾಗಲಕೋಟೆ, ಬಾದಾಮಿ ದಾಟಿದರೆ ಗದಗ, ಸುಮಾರು 300 ಕಿ.ಮೀ. ಗೋಲಗುಂಬಜ್ ಎಕ್ಸ್‌ಪ್ರೆಸ್ ಇದೇ ದಾರಿಯಲ್ಲಿ ಓಡುತ್ತದೆ. ಅಕ್ಕಲಕೋಟೆ, ಮೈಂದರ್ಗಿ ಕಡೆಯವರು ಬಸ್ಸಿನಲ್ಲಿ ಸೊಲ್ಲಾಪುರಕ್ಕೆ ಬಂದು ಹತ್ತುವುದು ಅನುಕೂಲ.

ಗದಗದ ಹತ್ತಿರದ ಕುರ್ತಕೋಟಿಯ ಚನ್ನಪ್ಪನವರು ಭೀಮಸೇನರ ಮೊದಲ ಗುರುಗಳು. ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ರೆಕಾರ್ಡ್ ಕೇಳಿದ ಹುಡುಗನಿಗೆ ಅಷ್ಟು ಪಾಠ ಸಾಲಲಿಲ್ಲ. 1933ರಲ್ಲಿ, 11ನೇ ವಯಸ್ಸಿನಲ್ಲಿ ಮನೆ ಬಿಟ್ಟ. ಊಟಕ್ಕೆ ಕುಳಿತಾಗ ಇನ್ನೊಂದು ಚಮಚ ತುಪ್ಪ ಸಿಗದ ಸಿಟ್ಟೂ ಸೇರಿತ್ತು ಎನ್ನುತ್ತಾರೆ! ಟಿಕೆಟ್ ಇಲ್ಲದೆ, ರೈಲಿನಲ್ಲಿ ಹಾಡುತ್ತಾ ಗ್ವಾಲಿಯರ್‌ವರೆಗೆ ಹೋದ. ಕೊನೆಗೆ ತಂದೆಗೆ ಸಿಕ್ಕಿದ್ದು ದೂರದ ಜಲಂಧರದಲ್ಲಿ.

ಅಷ್ಟೆಲ್ಲ ಸುತ್ತಿದವನಿಗೆ ಗುರು ದೊರೆತದ್ದು ಹುಬ್ಬಳ್ಳಿಯಿಂದ ಸುಮಾರು 20 ಕಿ.ಮೀ. ದೂರದ ಕುಂದಗೋಳದಲ್ಲಿ. ಅವರೇ ಅಬ್ದುಲ್ ಕರೀಂ ಖಾನರ ಶಿಷ್ಯ ಸವಾಯಿ ಗಂಧರ್ವರು. 1936ರಿಂದ ಗುರುಗಳ ಮನೆಯಲ್ಲಿದ್ದು, ನೀರು ಹೊತ್ತು ಭೀಮಸೇನರು ಕಲಿತರು. ಅದೇ ಕಾಲಕ್ಕೆ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಪಾಠಕ್ಕೆ ಬರುತ್ತಿದ್ದರು. ಪಾಠ ಮುಗಿದ ಮೇಲೆ ಅವರನ್ನು ಸ್ಟೇಷನ್ನಿಗೆ ಬಿಟ್ಟುಬರುವ ಕೆಲಸ ಭೀಮಸೇನರದು. ಒಂದೇ ಕಡೆ ಹೋಗಲು ಸಮಯವಿದ್ದರೆ ನಾನು ಕುಂದಗೋಳವನ್ನೇ ಹೇಳುತ್ತೇನೆ. ಸವಾಯಿ ಗಂಧರ್ವರಿಗೆ ಆಶ್ರಯ ಕೊಟ್ಟ ನಾಡಿಗೇರ ಮನೆತನದ ವಾಡೆ ಅಲ್ಲಿದೆ. ಗುರುಗಳ ನೆನಪಿನ ಸಂಗೀತೋತ್ಸವ ನಡೆಯುತ್ತಾ ಬಂದಿರುವುದೂ ಆ ವಾಡೆಯಲ್ಲೇ. ಅದು ಮನೆತನದ ಸ್ವಂತ ಮನೆ. ಕೇಳದೆ ಒಳಗೆ ಹೋಗಬಾರದು, ಫೋಟೋ ತೆಗೆಯಬಾರದು.

ಗದಗದಲ್ಲಿ ಇಳಿದವರು ವೀರೇಶ್ವರ ಪುಣ್ಯಾಶ್ರಮವನ್ನು ತಪ್ಪಿಸಬೇಡಿ. ಪುಟ್ಟರಾಜ ಗವಾಯಿಗಳ ಆ ಆಶ್ರಮದಲ್ಲಿ ಅಂಧ ಮಕ್ಕಳು ಇಂದಿಗೂ ಸಂಗೀತ ಕಲಿಯುತ್ತಾರೆ. ಧಾರವಾಡದವರೆಗೆ ಹೋಗುವವರಿಗೆ ಮಲ್ಲಿಕಾರ್ಜುನ ಮನ್ಸೂರರ ಮನೆ 'ಮೃತ್ಯುಂಜಯ' ಈಗ ಸ್ಮಾರಕವಾಗಿದೆ.

ಕುಂದಗೋಳದಲ್ಲಿ ಎಲ್ಲ ಗಾಡಿಗಳು ನಿಲ್ಲುವುದಿಲ್ಲ. ಹುಬ್ಬಳ್ಳಿಯಲ್ಲಿ ವಿಚಾರಿಸಿ ಹೊರಡಿ. ಬಸ್ಸೂ ಇದೆ.

— ಕಾರ್ಯದರ್ಶಿ