ಬಿರುದಿನ ಕಲ್ಲು, ಟೆನಿಸ್ ಅಂಗಳ

ಸಾಧಕರ ಹೆಸರನ್ನು ಕಲ್ಲಿಗೇರಿಸುವುದು ಹೊಯ್ಸಳ ನಾಡಿನ ಹಳೆಯ ರೂಢಿ. 1117ರ ಬೇಲೂರು ಚೆನ್ನಕೇಶವ ಗುಡಿಯಲ್ಲಿ ಬಳ್ಳಿಗಾವೆಯ ಶಿಲ್ಪಿ ದಾಸೋಜ, ಅವನ ಮಗ ಚಾವಣ ಶಿಲ್ಪಗಳಡಿ ತಮ್ಮ ಹೆಸರನ್ನು ತಾವೇ ಕೊರೆದರು. ಚಾವಣನಂತೂ ಬಿರುದುಗಳ ಸಮೇತ! ಹಳೇಬೀಡಿನ ಗರುಡಗಂಬ ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನ ನೆನಪಿಗೆ ನಿಂತಿದೆ.

ಆಟಗಾರರಿಗೆ ಅಂಥ ಕಂಬವಿಲ್ಲ; ಅವರ ಹೆಸರು ಅಂಗಳದಲ್ಲೇ ಉಳಿಯಬೇಕು.

ಕೊಡಗಿನ ರೋಹನ್ ಬೋಪಣ್ಣ ಟೆನಿಸ್‌ಗೆ ವಿದಾಯ ಹೇಳಿದ್ದು 2025ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ. 2017ರಲ್ಲಿ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದವರು, ಮಂಡಿ ಸವೆದ ಮೇಲೆ ಅಯ್ಯಂಗಾರ್ ಯೋಗದ ಮೊರೆಹೋದರು. 2024ರಲ್ಲಿ, 43ರ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದು ಡಬಲ್ಸ್‌ನಲ್ಲಿ ವಿಶ್ವದ ಅಗ್ರಸ್ಥಾನಕ್ಕೇರಿದರು. ಅದೇ ವರ್ಷ ಪದ್ಮಶ್ರೀ ಬಂತು. ಅವರ ಹೆಸರು ಹೊತ್ತ ಅಕಾಡೆಮಿ ಬೆಂಗಳೂರಿನಲ್ಲಿ ಮಕ್ಕಳಿಗೆ ಟೆನಿಸ್ ಕಲಿಸುತ್ತಿದೆ.