ಪಟ್ಟಿಯಲ್ಲಿ ಎಷ್ಟು, ತಲೆಯಲ್ಲಿ ಎಷ್ಟು: ರೆಸಿಡೆನ್ಸಿ ಆಯ್ಕೆಯಲ್ಲಿ ಸಂಶೋಧನೆಯ ಪಾತ್ರ

ಅಮೆರಿಕದ ವೈದ್ಯಕೀಯ ಪರವಾನಗಿ ಪರೀಕ್ಷೆಯಾದ ಯುಎಸ್‌ಎಂಎಲ್‌ಇಯ ಮೊದಲ ಹಂತದಲ್ಲಿ 2022ರ ಜನವರಿ 26ರಿಂದ ಅಂಕಗಳಿಲ್ಲ. ಪಾಸು ಅಥವಾ ಫೇಲು, ಅಷ್ಟೆ. ರಾಶಿ ಬೀಳುವ ಅರ್ಜಿಗಳನ್ನು ರೆಸಿಡೆನ್ಸಿ (ಪದವಿಯ ನಂತರದ ತಜ್ಞ ತರಬೇತಿ) ವಿಭಾಗಗಳು ಅದುವರೆಗೆ ಜರಡಿ ಹಿಡಿಯುತ್ತಿದ್ದುದು ಬಹುಮಟ್ಟಿಗೆ ಆ ಅಂಕದಿಂದಲೇ. ಅದು ಇಲ್ಲವಾದಾಗ ಆಯ್ಕೆದಾರರ ಕಣ್ಣು ಎರಡನೇ ಹಂತದ ಅಂಕ, ಶಿಫಾರಸು ಪತ್ರ ಮತ್ತು ಸಂಶೋಧನೆಯ ಪಟ್ಟಿಯತ್ತ ಹೊರಳಿತು.

ಈ ಪಟ್ಟಿಯನ್ನು ಓದುವಾಗ ಎಚ್ಚರ ಬೇಕು. ಅರ್ಜಿದಾರರನ್ನು ರೆಸಿಡೆನ್ಸಿ ಸ್ಥಾನಗಳಿಗೆ ಹೊಂದಿಸುವ ‘ಮ್ಯಾಚ್’ ನಡೆಸುವ ರಾಷ್ಟ್ರೀಯ ಸಂಸ್ಥೆಯ 2022ರ ವರದಿಯಲ್ಲಿ, ನರಶಸ್ತ್ರಚಿಕಿತ್ಸೆಗೆ ಆಯ್ಕೆಯಾದ ಅಮೆರಿಕದ ಎಂ.ಡಿ. ವಿದ್ಯಾರ್ಥಿಗಳ ಸರಾಸರಿ ಸಂಶೋಧನಾ ಸಂಖ್ಯೆ 25ನ್ನು ಮೀರಿದೆ. ಆದರೆ ಸಾರಲೇಖ, ಸಮ್ಮೇಳನದ ಮಂಡನೆ, ಪ್ರಕಟಿತ ಪ್ರಬಂಧ ಮೂರೂ ಅಲ್ಲಿ ಒಂದೇ ಲೆಕ್ಕಕ್ಕೆ ಸೇರುತ್ತವೆ. ಒಂದೇ ಅಧ್ಯಯನ ಪೋಸ್ಟರಾಗಿ, ಭಾಷಣವಾಗಿ, ಪ್ರಬಂಧವಾಗಿ ಮೂರು ಬಾರಿ ಎಣಿಕೆಯಾಗಬಹುದು.

ವಿದ್ಯಾರ್ಥಿಯ ಸಂಶೋಧನೆಗೆ ಇದಕ್ಕಿಂತ ಗಟ್ಟಿಯಾದ ಚರಿತ್ರೆಯಿದೆ. ಪಾಲ್ ಲಾಂಗರ್‌ಹಾನ್ಸ್ ಮೇದೋಜೀರಕ ಗ್ರಂಥಿಯ ಕಣದ್ವೀಪಗಳನ್ನು ವರ್ಣಿಸಿದ್ದು 1869ರ ತನ್ನ ಬರ್ಲಿನ್ ಪದವಿ ಪ್ರಬಂಧದಲ್ಲಿ. ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವಿಲಿಯಂ ಹಾವೆಲ್ ಅವರ ಕೈಕೆಳಗಿದ್ದ ವಿದ್ಯಾರ್ಥಿ ಜೇ ಮೆಕ್ಲೀನ್, ರಕ್ತ ಹೆಪ್ಪುಗಟ್ಟಿಸುವ ವಸ್ತುವಿನ ಬೆನ್ನು ಹತ್ತಿ ಹೊರಟು, ಹೆಪ್ಪುಗಟ್ಟುವುದನ್ನು ತಡೆಯುವ ವಸ್ತುವನ್ನು 1916ರಲ್ಲಿ ಕಂಡ. ಔಷಧವಾದ ಹೆಪಾರಿನ್‌ನ ಕಥೆ ಆರಂಭವಾಗುವುದು ಅಲ್ಲಿಂದ. ನಿರೀಕ್ಷೆಗೆ ವಿರುದ್ಧವಾದ ಫಲಿತಾಂಶವನ್ನು ಬದಿಗೆ ತಳ್ಳದೆ ಮತ್ತೆ ಪರೀಕ್ಷಿಸುವ ಅಭ್ಯಾಸ ಯಾವ ಸಂಖ್ಯೆಯಲ್ಲೂ ಕಾಣುವುದಿಲ್ಲ.

ಅಮೆರಿಕದ ಕೆಲವು ವೈದ್ಯಕೀಯ ಕಾಲೇಜುಗಳು ಈ ಅಭ್ಯಾಸಕ್ಕೆಂದೇ ಸಮಯ ಮೀಸಲಿಟ್ಟಿವೆ. ಯೇಲ್‌ನಲ್ಲಿ 1839ರಿಂದ ಪದವಿಗೆ ಪ್ರಬಂಧ ಕಡ್ಡಾಯ. ಡ್ಯೂಕ್‌ನಲ್ಲಿ ಮೂರನೆಯ ವರ್ಷ ಸಂಶೋಧನೆಗೇ ಮೀಸಲು.

ಭಾರತದ ಸ್ಥಿತಿ ಬೇರೆ. ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ನೀಟ್-ಪಿಜಿಯ ರ‍್ಯಾಂಕಿನಲ್ಲಿ ಸಂಶೋಧನೆಗೆ ಒಂದು ಅಂಕವೂ ಇಲ್ಲ. ಆದರೆ ಸೀಟು ಸಿಕ್ಕ ಬೆನ್ನಿಗೇ ಎಂ.ಡಿ., ಎಂ.ಎಸ್. ವಿದ್ಯಾರ್ಥಿಗೆ ಪ್ರಬಂಧದ ಹೊಣೆ ಬೀಳುತ್ತದೆ. ಮಾದರಿಯ ಗಾತ್ರ, ನೈತಿಕ ಸಮಿತಿಯ ಒಪ್ಪಿಗೆ, ರೋಗಿಯ ಸಮ್ಮತಿ ಪತ್ರ ಎಂಬ ಮಾತುಗಳು ಹಲವರ ಕಿವಿಗೆ ಗಂಭೀರವಾಗಿ ಬೀಳುವುದು ಆಗಲೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 1979ರಲ್ಲಿ ಆರಂಭಿಸಿದ ಅಲ್ಪಾವಧಿ ವಿದ್ಯಾರ್ಥಿವೇತನ ಈ ಕೊರತೆಯನ್ನು ಎಂಬಿಬಿಎಸ್ ಹಂತದಲ್ಲೇ ತುಂಬಲು ನೋಡುತ್ತದೆ. ಪ್ರಸ್ತಾವ ಬರೆದು, ಮಾರ್ಗದರ್ಶಕರೊಡನೆ ಎರಡು ತಿಂಗಳು ದುಡಿದು, ವರದಿ ಒಪ್ಪಿಸಬೇಕು.

ಕರ್ನಾಟಕದಲ್ಲಿ ಓದಿ ಅಮೆರಿಕದ ಮ್ಯಾಚ್‌ಗೆ ಅರ್ಜಿ ಹಾಕುವವರಿಗೆ ಇಂಥ ಒಂದು ಯೋಜನೆ ಸಂದರ್ಶನದಲ್ಲಿ ನೆರವಾಗಬಲ್ಲದು. ಅರ್ಜಿಯಲ್ಲಿ ಬರೆದ ಯಾವ ಕೆಲಸದ ಬಗ್ಗೆಯೂ ಅಲ್ಲಿ ಪ್ರಶ್ನೆ ಬರಬಹುದು: ಈ ವಿಧಾನವೇ ಏಕೆ, ಮಾಹಿತಿ ಕಲೆಹಾಕಿದವರು ಯಾರು, ಯಾವ ರೋಗಿಗಳನ್ನು ಏಕೆ ಕೈಬಿಟ್ಟಿರಿ? ಹತ್ತನೆಯ ಸಹಲೇಖಕನಾಗಿ ಹೆಸರಷ್ಟೇ ಸೇರಿಸಿಕೊಂಡವನು ಇಲ್ಲಿ ತಡವರಿಸುತ್ತಾನೆ. ಕಡತಗಳನ್ನು ತಾನೇ ತಿರುವಿ ನೋಡಿದವಳು ಉತ್ತರಿಸುತ್ತಾಳೆ.