ತಾತನ ಜೀಪು, ಅದರ ಆರ್‌ಸಿ ಪುಸ್ತಕ

ಗುಬ್ಬಿ ಹತ್ತಿರದ ನಮ್ಮ ತೆಂಗಿನ ತೋಟದ ಶೆಡ್ಡಿನಲ್ಲಿ ಒಂದು ಹಳೇ ಜೀಪು ನಿಂತಿದೆ. ಮಹೀಂದ್ರದ ಸಿಜೆ-3ಬಿ, ಫೋರ್ ವೀಲ್ ಡ್ರೈವ್. ತಾತ ಹರಾಜಿನಲ್ಲಿ ಕೂಗಿ ತಂದದ್ದು. ನನಗೋ ಬೆಂಗಳೂರಿನಲ್ಲಿ ಕೆಲಸ, ಕೈಯಲ್ಲಿ ಆ ವರ್ಷದ ಬೋನಸ್ಸು, ಫೋನಿನ ತುಂಬ ಜೀಪಿನ ವಿಡಿಯೋಗಳು. ಒಂದು ಶನಿವಾರ ತುಮಕೂರಿನ ಗ್ಯಾರೇಜಿಗೆ ಹೋಗಿ ಪಟ್ಟಿ ಕೊಟ್ಟೆ. 31 ಇಂಚಿನ ಟೈರು, ಲಿಫ್ಟ್ ಕಿಟ್, ಕಬ್ಬಿಣದ ಬಂಪರ್, ವಿಂಚ್, ಎಲ್‌ಇಡಿ ಲೈಟು. ತಾತನ ಕಾಲದಿಂದ ಈ ಜೀಪಿಗೆ ಕೈಯಾಡಿಸಿದ ಮಿಸ್ತ್ರಿ ಪಟ್ಟಿಯನ್ನ ಎರಡು ಸಲ ಓದಿದರು. "ಎಲ್ಲಾ ಹಾಕ್ಬೋದಪ್ಪ. ಆದ್ರೆ ಯಾಕೆ ಅಂತ ಹೇಳು. ನಿಮ್ ತಾತ ಆಲ್ಟ್ರೇಷನ್ ಮಾಡ್ಸೋವಾಗ ಯಾಕೆ ಅಂತ ಹೇಳೋರು" ಅಂದರು.

ಆಗ ನನ್ನ ಹತ್ರ ಉತ್ತರ ಇರಲಿಲ್ಲ. ಸುಮ್ಮನೆ ವಾಪಸ್ ಬಂದು ಈ ಗಾಡಿಯ ಹಿಂದಿನ ಕಥೆ ಓದೋಕೆ ಕೂತೆ. ಓದ್ತಾ ಓದ್ತಾ ಗೊತ್ತಾದದ್ದು ಇಷ್ಟು: ಜೀಪಿನ ಇತಿಹಾಸ ಅಂದರೆ ಬಹುಪಾಲು ಆಲ್ಟ್ರೇಷನ್ನಿನ ಇತಿಹಾಸವೇ.

ನಮ್ಮ ಜಿಲ್ಲೆಯವರಿಗೆ ಈ ಕಥೆ ಕುಣಿಗಲ್‌ನಿಂದ ಶುರುವಾಗಬೇಕು. ಟಿಪ್ಪು ಸುಲ್ತಾನನ ಹೆಸರಿನ ಜೊತೆ ಬೆಸೆದುಕೊಂಡಿರುವ ಅಲ್ಲಿನ ಕುದುರೆ ಫಾರಂ ಇವತ್ತು ರೇಸ್ ಕುದುರೆಗಳಿಂದ ಪ್ರಸಿದ್ಧ. ಆದರೆ ಮೂಲದಲ್ಲಿ ಅಲ್ಲಿ ಸಾಕುತ್ತಿದ್ದದ್ದು ಸೈನ್ಯದ ಕುದುರೆಗಳನ್ನ. ರಸ್ತೆ ಇಲ್ಲದ ಕಡೆ ಆಳನ್ನೂ ಸಾಮಾನನ್ನೂ ಹೊತ್ತು ಹೋಗುವ ಕೆಲಸಕ್ಕೆ ಲೋಕದ ಸೈನ್ಯಗಳೆಲ್ಲ ಶತಮಾನಗಟ್ಟಲೆ ನೆಚ್ಚಿಕೊಂಡಿದ್ದು ಈ ಪ್ರಾಣಿಯನ್ನೇ. 1918ರ ಸೆಪ್ಟೆಂಬರ್‌ನಲ್ಲಿ ಮೈಸೂರು ಲ್ಯಾನ್ಸರ್ಸ್ ಪಡೆ ಹೈಫಾ ಪಟ್ಟಣಕ್ಕೆ ನುಗ್ಗಿದ್ದು ಕುದುರೆ ಮೇಲೆ. ಅದಾಗಿ ಇಪ್ಪತ್ತೆರಡು ವರ್ಷಕ್ಕೆ, ಕುದುರೆಯ ಕೆಲಸ ಮಾಡುವ ಯಂತ್ರ ಬೇಕು ಅಂತ ಅಮೆರಿಕದ ಸೈನ್ಯ 135 ಕಂಪನಿಗಳಿಗೆ ಕಾಗದ ಬರೆಯಿತು. ಬ್ಯಾಂಟಮ್ ಅನ್ನೋ ಸಣ್ಣ ಕಂಪನಿ 49 ದಿನದಲ್ಲಿ ಮಾದರಿ ಗಾಡಿ ಕಟ್ಟಿ ತಂದು ನಿಲ್ಲಿಸಿತು. ಆಮೇಲೆ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಯುದ್ಧ ಮುಗಿಯೋದರೊಳಗೆ ಆರು ಲಕ್ಷಕ್ಕೂ ಹೆಚ್ಚು ಜೀಪು ಕಟ್ಟಿದವು. 2.2 ಲೀಟರ್ ಪೆಟ್ರೋಲ್ ಎಂಜಿನ್, 60 ಅಶ್ವಶಕ್ತಿ, ನಾಲ್ಕೂ ಚಕ್ರಕ್ಕೆ ಬಲ.

ಯುದ್ಧ ಮುಗಿದ ಮೇಲೆ ಮಿಲಿಟರಿ ಡಿಸ್ಪೋಸಲ್‌ನಲ್ಲಿ ಜೀಪುಗಳು ಜನರ ಕೈಗೆ ಬಂದವು. ಅವು ಎಡಗಡೆ ಸ್ಟೀರಿಂಗಿನ ಗಾಡಿಗಳು. ನಮ್ಮ ರಸ್ತೆಗೆ ಹೊಂದಿಸೋಕೆ ಸ್ಟೀರಿಂಗನ್ನ ಬಲಕ್ಕೆ ತರೋದೇ ಒಂದು ಆಲ್ಟ್ರೇಷನ್. ಅಷ್ಟರಲ್ಲಿ, 1945ರಲ್ಲಿ ಉಕ್ಕಿನ ವ್ಯಾಪಾರಕ್ಕೆ ಅಂತ ಹುಟ್ಟಿದ ಮಹೀಂದ್ರ ಅಂಡ್ ಮೊಹಮ್ಮದ್ ಕಂಪನಿ ಜೀಪಿನ ಕಡೆ ತಿರುಗಿತ್ತು. ಪಾಲುದಾರ ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಕಂಪನಿ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಮುಂಬೈಯಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆ ಶುರುವಾಯಿತು.

ನಮ್ಮ ಶೆಡ್ಡಿನ ಸಿಜೆ-3ಬಿ ಮಾದರಿಯ ಹುಟ್ಟು ಇನ್ನೂ ಮಜವಾಗಿದೆ. ವಿಲ್ಲಿಸ್‌ನವರು ಹರಿಕೇನ್ ಅಂತ ಹೊಸ ಎಂಜಿನ್ ಮಾಡಿದರು. ಒಳಗೆ ಗಾಳಿ ಬಿಡುವ ವಾಲ್ವುಗಳನ್ನ ಬ್ಲಾಕಿನಿಂದ ಮೇಲಿನ ಹೆಡ್‌ಗೆ ಏರಿಸಿದ್ದರಿಂದ ಎಂಜಿನ್ ಎತ್ತರವಾಯ್ತು, ಹಳೇ ಬಾನೆಟ್ಟಿನ ಕೆಳಗೆ ಕೂರಲಿಲ್ಲ. ಏನು ಮಾಡಿದರು? ಬಾನೆಟ್ಟನ್ನೇ ಎತ್ತರಿಸಿದರು. ಅದಕ್ಕೇ ಸಿಜೆ-3ಬಿಯ ಮೂತಿ ಆ ಥರ ಎದ್ದು ನಿಂತಿರೋದು. ನಾವು ಇವತ್ತು ಒರಿಜಿನಲ್ ಅಂತ ಪೂಜೆ ಮಾಡುವ ಆಕಾರವೇ ಕಂಪನಿ ಮಾಡಿದ ಒಂದು ಆಲ್ಟ್ರೇಷನ್! ಅಮೆರಿಕದಲ್ಲಿ ಈ ಮಾದರಿ 1968ಕ್ಕೆ ನಿಂತಿತು. ನಮ್ಮಲ್ಲಿ ಮುಂದೆಯೂ ಬಹಳ ಕಾಲ ನಡೆಯಿತು.

1973ರಲ್ಲಿ ಲೋಕದಲ್ಲೆಲ್ಲ ಎಣ್ಣೆ ಬೆಲೆ ಏರಿತು. ಜೀಪಿಗೆ ಪೆಟ್ರೋಲ್ ಹಾಕಿ ತೋಟಕ್ಕೆ ಓಡಾಡೋದು ಯಾರಿಗೂ ಗಿಟ್ಟದ ಬಾಬ್ತಾಯಿತು. ಡೀಸೆಲ್ ಅಗ್ಗ. ಹಾಗಾಗಿ ಊರೂರಿನ ಗ್ಯಾರೇಜುಗಳಲ್ಲಿ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸೋ ಕೆಲಸ ಶುರುವಾಯಿತು. ಮಹೀಂದ್ರ ಕಂಪನಿ ತಾನೂ ಮುಂದೆ ಫ್ರಾನ್ಸಿನ ಪ್ಯೂಜೊ ಪರವಾನಗಿಯ ಡೀಸೆಲ್ ಎಂಜಿನ್ ಹಾಕಿ ಎಂಎಂ 540 ತಂದಿತು. ಸೈನ್ಯಕ್ಕೆ ಅಂತ ಜಬಲ್ಪುರದಲ್ಲಿ ತಯಾರಾಗುತ್ತಿದ್ದ ಜೋಂಗಾಗೂ ಇದೇ ಗತಿ. ಅದರ ಆರು ಸಿಲಿಂಡರಿನ, ಸುಮಾರು ನಾಲ್ಕು ಲೀಟರಿನ ಪೆಟ್ರೋಲ್ ಎಂಜಿನ್ನು ಹರಾಜಿನಲ್ಲಿ ಕೊಂಡವರ ಜೇಬು ಸುಡ್ತಿತ್ತು. ಎಷ್ಟೋ ಜನ ಅದಕ್ಕೂ ಡೀಸೆಲ್ ಹೃದಯ ಕೂರಿಸಿದರು.

ತಾತನ ಜೀಪಿಗೆ ಬಂದದ್ದು ಮಟಡೋರ್ ಎಂಜಿನ್. ಮಿಸ್ತ್ರಿ ಆ ಕೆಲಸವನ್ನ ಇವತ್ತಿಗೂ ಹೆಮ್ಮೆಯಿಂದ ಹೇಳ್ತಾರೆ. ಎಂಜಿನ್ ಮತ್ತು ಗೇರ್‌ಬಾಕ್ಸಿನ ಬೋಲ್ಟ್ ತೂತುಗಳು ಒಂದಕ್ಕೊಂದು ಕೂಡಲ್ಲ. ಅದಕ್ಕೆ ನಡುವೆ ಒಂದು ಪ್ಲೇಟನ್ನ ಲೇತ್‌ನಲ್ಲಿ ಮಾಡಿಸಬೇಕು. ಕೂದಲೆಳೆಯಷ್ಟು ಸೆಂಟರ್ ತಪ್ಪಿದರೂ ಗೇರ್‌ಬಾಕ್ಸ್ ಬೇರಿಂಗ್ ಹೋಗುತ್ತೆ. ಡೀಸೆಲ್ ಎಂಜಿನ್ ಭಾರ ಜಾಸ್ತಿ, ಮುಂದಿನ ಸ್ಪ್ರಿಂಗಿಗೆ ಒಂದೊಂದು ಪಟ್ಟಿ ಸೇರಿಸಬೇಕು. "ಒಂದು ಮುಟ್ಟಿದ್ರೆ ಇನ್ನೊಂದು ಕೇಳುತ್ತೆ" ಅನ್ನೋದು ಅವರ ಮಾತು.

ನನ್ನ ಪಟ್ಟಿ ಮುಗ್ಗರಿಸಿದ್ದು ಅಲ್ಲೇ. ಲೆಕ್ಕ ಸುಲಭ, ನೀವೂ ಹಾಕಬಹುದು. ಜೀಪಿನ ಹಳೇ ಟೈರಿನ ವ್ಯಾಸ ಹೆಚ್ಚೂಕಮ್ಮಿ 28 ಇಂಚು. ಅದನ್ನ 31 ಮಾಡಿದರೆ ಚಕ್ರದ ಸುತ್ತಳತೆ ಶೇಕಡ 10ರಷ್ಟು ಹೆಚ್ಚುತ್ತೆ. ಮೀಟರ್ 60 ತೋರಿಸುವಾಗ ನೀವು 66ರಲ್ಲಿ ಹೋಗ್ತಾ ಇರ್ತೀರಿ. ಏರಿನಲ್ಲಿ ಎಳೆತ ಅಷ್ಟೇ ಕಮ್ಮಿ. ಬ್ರೇಕ್ ಅದೇ ಹಳೇ ಡ್ರಮ್ಮು, ನಿಲ್ಲಿಸಬೇಕಾದ ಚಕ್ರ ಮಾತ್ರ ದೊಡ್ಡದು, ಭಾರದ್ದು. ಗಾಡಿ ಎತ್ತರಿಸಿದರೆ ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗಿ ಅದರ ಜಾಯಿಂಟುಗಳು ಬೇಗ ಸವೆಯುತ್ತವೆ. ಎತ್ತರಿಸಿದ ಗಾಡಿ ತಿರುವಿನಲ್ಲಿ ವಾಲೋದೂ ಜಾಸ್ತಿ. ಕುಣಿಗಲ್ ದಾರಿಯಲ್ಲಿ ಅಡ್ಡ ಬರೋ ಎಮ್ಮೆಗೆ ಇದೆಲ್ಲ ಗೊತ್ತಿರಲ್ಲ. ಆಲ್ಟ್ರೇಷನ್ ತಪ್ಪು ಅಂತಲ್ಲ ನಾನು ಹೇಳ್ತಿರೋದು. ಕಾಡು, ಕೆಸರು, ಕಲ್ಲುಗುಡ್ಡಕ್ಕೆ ಹೋಗೋರಿಗೆ ದೊಡ್ಡ ಟೈರಿಗೆ ಕಾರಣ ಇದೆ. ನನ್ನ ಜೀಪು ಹೋಗೋದು ತೋಟದಿಂದ ಗುಬ್ಬಿಗೆ, ಅಪರೂಪಕ್ಕೆ ತುಮಕೂರಿಗೆ.

ಇನ್ನು ಕಾನೂನು. ತಾತ ಎಂಜಿನ್ ಬದಲಿಸಿದ್ದು 1939ರ ಮೋಟಾರು ವಾಹನ ಕಾಯ್ದೆ ಜಾರಿಯಲ್ಲಿದ್ದಾಗ. ಬದಲಾವಣೆ ಮಾಡುವವರು ಮುಂಚೆ ತಿಳಿಸಿ, ಒಪ್ಪಿಗೆ ತಗೊಂಡು, ಆರ್‌ಸಿಯಲ್ಲಿ ಬರೆಸಬೇಕಿತ್ತು. 1988ರಲ್ಲಿ ಹೊಸ ಕಾಯ್ದೆ ಬಂತು, 2000ದ ತಿದ್ದುಪಡಿ ಅದರ 52ನೇ ಸೆಕ್ಷನ್ನನ್ನ ಬಿಗಿ ಮಾಡಿತು: ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿಯನ್ನ ಬದಲಿಸುವ ಹಾಗಿಲ್ಲ. 2019ರ ಜನವರಿ 9ರಂದು, ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಒಪ್ಪಿಗೆಯಿಲ್ಲದ ಪ್ರತಿಯೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಂತ ಹೇಳುತ್ತೆ. ಹದಿನೈದು ವರ್ಷ ದಾಟಿದ ಖಾಸಗಿ ಗಾಡಿಯನ್ನ ಐದೈದು ವರ್ಷಕ್ಕೊಮ್ಮೆ ಆರ್‌ಟಿಓ ಮುಂದೆ ನಿಲ್ಲಿಸಿ ನೋಂದಣಿ ನವೀಕರಿಸಬೇಕು. ಅಲ್ಲಿ ಇನ್‌ಸ್ಪೆಕ್ಟರ್ ಕಣ್ಣಿಗೆ ಮೊದಲು ಬೀಳೋದೇ ನನ್ನ ಪಟ್ಟಿಯ ಸಾಮಾನು. ನವೀಕರಣ ನಿಂತರೆ ಐವತ್ತು ವರ್ಷದ ಜೀಪು ಶೆಡ್ಡಿನಿಂದ ಗುಜರಿಗೆ ಹೋಗಬೇಕಷ್ಟೆ.

ಇದೆಲ್ಲ ಓದಿದ ಮೇಲೆ ಒಂದು ದಿನ ಅಜ್ಜಿಯ ಟ್ರಂಕಿನಿಂದ ಹಳೇ ಆರ್‌ಸಿ ಪುಸ್ತಕ ತೆಗೆಸಿದೆ. ಬಟ್ಟೆ ಹೊದಿಕೆ, ಹಳದಿ ಹಾಳೆ. ಒಳಗೆ ಪೆಟ್ರೋಲ್ ಅನ್ನೋದರ ಮೇಲೆ ಗೀಟು ಎಳೆದು, ಪಕ್ಕದಲ್ಲಿ ಡೀಸೆಲ್ ಅಂತ ಶಾಯಿಯಲ್ಲಿ ಬರೆದಿದೆ. ಹೊಸ ಎಂಜಿನ್ ನಂಬರು, ಸಹಿ, ಮೊಹರು, ತಾರೀಖು. ಆ ಒಂದು ಸಾಲಿಗಾಗಿ ತಾತ ಗುಬ್ಬಿಯಿಂದ ತುಮಕೂರಿಗೆ ಮೂರು ಸಲ ಬಸ್ಸಿನಲ್ಲಿ ಹೋಗಿ ಬಂದಿದ್ದರಂತೆ. "ಜೀಪಿದ್ದೂ ಬಸ್ಸಲ್ಲಿ ಯಾಕೆ ಹೋಗಿದ್ರು?" ಅಂತ ಅಜ್ಜಿಯನ್ನ ಕೇಳಿದೆ. "ಬರ್ಸೋ ತನಕ ಅದನ್ನ ರೋಡಿಗೆ ಇಳಿಸ್ಬಾರ್ದು ಅನ್ನೋರು ಕಣೋ" ಅಂದರು.

ಮುಂದಿನ ಶನಿವಾರ ಮತ್ತೆ ಗ್ಯಾರೇಜಿಗೆ ಹೋದೆ. ಹೊಸ ಬ್ರೇಕ್ ಲೈನರ್, ಹೊಸ ವೈರಿಂಗು, ಹಳೇ ಅಳತೆಯದ್ದೇ ಐದು ಹೊಸ ಟೈರು. ಬೋನಸ್ಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಉಳಿಯಿತು. ಮಿಸ್ತ್ರಿ ಈ ಸಲ ಯಾಕೆ ಅಂತ ಕೇಳಲಿಲ್ಲ.